ಅನಿಶ್ಚಿತ ಜ್ಞಾನವೂ ತರ್ಕವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳನ್ನು ಸೇರಿಸಲು ಬಂದಾಗ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಯಂತ್ರಗಳು ಯೋಚಿಸುವುದು ನಿಜವೋ, ನಿಜವಾದರೆ ನಮ್ಮ ಹುಡುಗಿಯರು ಇನ್ನು ತರ್ಕವನ್ನೂ ಗಣಿತವನ್ನೂ ಕಲಿಯುವುದು ಏತಕ್ಕೆ, ಎಂಬುದೇ ಆ ಪ್ರಶ್ನೆ. ಕಚೇರಿಯ ಬಾಗಿಲಲ್ಲಿ ನಿಂತು ಇದಕ್ಕೆ ಉತ್ತರ ಹೇಳುವುದು ಆಗದ ಕೆಲಸ. ಆದುದರಿಂದ ಆ ವಿಷಯದ ಒಂದು ಭಾಗವನ್ನು ಮಾತ್ರ ಈ ಸ್ಮರಣ ಸಂಚಿಕೆಯಲ್ಲಿ ಪಾಠದ ರೀತಿಯಾಗಿ ಬರೆಯುತ್ತೇವೆ. ಅದೇನೆಂದರೆ, ಪೂರ್ಣವಾಗಿ ತಿಳಿಯದ ಸಂಗತಿಗಳಿಂದ ಯಂತ್ರವು ಹೇಗೆ ತರ್ಕಮಾಡುತ್ತದೆ, ಮತ್ತು ಆ ಕೆಲಸವನ್ನು ಯುಗಗಟ್ಟಲೆ ಕಾಲ ಹಿಡಿಯದಂತೆ ಹೇಗೆ ಮಾಡಿ ಮುಗಿಸುತ್ತದೆ ಎಂಬುದು.

ನಮ್ಮ ಭಾಷೆಯಲ್ಲಿ ಅನುಮಾನವೆಂಬ ಮಾತು ಎರಡು ಅರ್ಥಗಳಲ್ಲಿ ನಡೆಯುತ್ತದೆ. "ಅವಳ ಮೇಲೆ ನನಗೆ ಅನುಮಾನ" ಎಂದು ಯಾರಾದರೂ ಹೇಳಿದರೆ ಅದು ಸಂದೇಹ. ನ್ಯಾಯಶಾಸ್ತ್ರದ ಪಂಡಿತರು ಅನುಮಾನವೆಂದರೆ ಅದು ಜ್ಞಾನಕ್ಕೆ ಒಂದು ಪ್ರಮಾಣ; ಕಂಡದ್ದರಿಂದ ಕಾಣದ್ದನ್ನು ನಿಶ್ಚಯಿಸುವ ಮಾರ್ಗ. ಒಂದೇ ಮಾತು ನಿಶ್ಚಯಕ್ಕೂ ಸಂದೇಹಕ್ಕೂ ಸಲ್ಲುವುದನ್ನು ಕಂಡು ನಮ್ಮ ಬಾಲಿಕೆಯರು ನಗುವುದುಂಟು. ಆದರೆ ಕೃತಕ ಬುದ್ಧಿಯ ಶಾಸ್ತ್ರಜ್ಞರು ಸುಮಾರು ಮೂವತ್ತು ವರ್ಷ ಪಟ್ಟ ಪಾಡೆಲ್ಲವೂ ಈ ಎರಡು ಅರ್ಥಗಳನ್ನು ಒಂದುಗೂಡಿಸುವುದಕ್ಕಾಗಿಯೇ ಎಂದು ಹೇಳಿದರೆ ತಪ್ಪಾಗಲಾರದು.

ಮೊದಲು ನಿಶ್ಚಯದ ತರ್ಕವನ್ನು ನೋಡೋಣ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಹೊಗೆಯಿರುವಲ್ಲೆಲ್ಲಾ ಬೆಂಕಿಯುಂಟು, ಆದುದರಿಂದ ಬೆಟ್ಟದ ಮೇಲೆ ಬೆಂಕಿಯುಂಟು. ಇದು ನೈಯಾಯಿಕರ ಹಳೆಯ ಉದಾಹರಣೆ. ಗ್ರೀಸ್ ದೇಶದ ಅರಿಸ್ಟಾಟಲನು ಕಲಿಸಿದ ತರ್ಕದ ಹದವೂ ಇಂಥದೇ. 1854ರಲ್ಲಿ ಜಾರ್ಜ್ ಬೂಲ್ ಎಂಬ ಇಂಗ್ಲಿಷ್ ಗಣಿತಜ್ಞನು ಇದನ್ನು ಬೀಜಗಣಿತದ ರೂಪಕ್ಕೆ ತಂದನು. ಈ ತರ್ಕಕ್ಕೆ ಎರಡು ಗುಣಗಳಿವೆ. ಹೊಗೆಯಿಂದ ಬೆಂಕಿಯನ್ನು ಊಹಿಸುವವನು ಲೋಕದ ಮಿಕ್ಕ ಯಾವ ಸಂಗತಿಯನ್ನೂ ವಿಚಾರಿಸಬೇಕಾಗಿಲ್ಲ; ಮತ್ತು ಒಮ್ಮೆ ದೊರೆತ ಸಿದ್ಧಾಂತವು ಎಂದೆಂದಿಗೂ ನಿಲ್ಲುತ್ತದೆ, ಮುಂದೆ ಎಷ್ಟು ಹೊಸ ಸಂಗತಿಗಳು ತಿಳಿದರೂ ಅದನ್ನು ಹಿಂತೆಗೆದುಕೊಳ್ಳಬೇಕಾಗುವುದಿಲ್ಲ. ಯಂತ್ರಕ್ಕೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ.

ಆದರೆ ಲೋಕವು ಹಾಗಿಲ್ಲವಷ್ಟೆ. ಪಕ್ಷಿಗಳು ಹಾರುತ್ತವೆ ಎಂದು ಮೂರನೆಯ ತರಗತಿಯಲ್ಲಿ ಕಲಿಸುತ್ತೇವೆ; ಉಷ್ಟ್ರಪಕ್ಷಿಯ ಮಾತು ಬಂದೊಡನೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇವೆ. ಹೀಗೆ ಹಿಂತೆಗೆದುಕೊಳ್ಳಬಲ್ಲ ತರ್ಕವನ್ನು ರಚಿಸಲು ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದವರು 1980ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೇರೆ ಬೇರೆ ಉಪಾಯಗಳನ್ನು ಪ್ರಕಟಿಸಿದರು. ಅವು ಜಾಣತನದ ಉಪಾಯಗಳೇ ಸರಿ. ಆದರೂ "ಸಾಮಾನ್ಯವಾಗಿ" ಎಂಬ ಮಾತು ನೂರಕ್ಕೆ ತೊಂಬತ್ತೊಂಬತ್ತೋ ನೂರಕ್ಕೆ ಅರುವತ್ತೋ ಎಂಬುದನ್ನು ಅವು ಹೇಳವು. ವೈದ್ಯನಿಗೂ ನ್ಯಾಯಾಧೀಶನಿಗೂ ತಾಯಿಗೂ ಬೇಕಾದದ್ದು ಆ ಅಳತೆಯೇ.

ಅಳತೆಯನ್ನು ಕೊಟ್ಟವನು ಥಾಮಸ್ ಬೇಯ್ಸ್. ಇವನು ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್ ಎಂಬ ಊರಿನಲ್ಲಿ ಸಭಾಪಾಲಕನಾಗಿದ್ದು 1761ರಲ್ಲಿ ತೀರಿಕೊಂಡನು. ಅವನ ಕಾಗದಗಳಲ್ಲಿ ಸಿಕ್ಕಿದ ಪ್ರಬಂಧವೊಂದನ್ನು ಅವನ ಸ್ನೇಹಿತನೂ ಬೋಧಕನೂ ಆಗಿದ್ದ ರಿಚರ್ಡ್ ಪ್ರೈಸನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1763ರಲ್ಲಿ ಪ್ರಕಟಪಡಿಸಿದನು. ಅದರ ಸಾರವನ್ನು ಸೂತ್ರವಿಲ್ಲದೆ ಒಂದು ಲೆಕ್ಕದಿಂದಲೇ ತಿಳಿಸಬಹುದು. ಇದನ್ನು ತಾಯಂದಿರು ಕಾಗದ ಪೆನ್ಸಿಲು ಹಿಡಿದು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಒಂದು ಊರಿನಲ್ಲಿ 1000 ಜನರಿದ್ದಾರೆಂದೂ ಅವರಲ್ಲಿ 10 ಮಂದಿಗೆ ಒಂದು ರೋಗವಿದೆಯೆಂದೂ ಇಟ್ಟುಕೊಳ್ಳೋಣ. ರಕ್ತಪರೀಕ್ಷೆಯೊಂದು ರೋಗವುಳ್ಳ 10 ಮಂದಿಯಲ್ಲಿ 9 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ರೋಗವಿಲ್ಲದವರಲ್ಲಿ ಹತ್ತಕ್ಕೊಬ್ಬರನ್ನು ತಪ್ಪಾಗಿ ರೋಗಿಯೆನ್ನುತ್ತದೆ. ಮಗಳ ಪರೀಕ್ಷೆಯ ಫಲವು "ಉಂಟು" ಎಂದು ಬಂದರೆ ಅವಳಿಗೆ ರೋಗವಿರುವ ಸಂಭವವೆಷ್ಟು? ಮೇಲ್ನೋಟಕ್ಕೆ ನೂರಕ್ಕೆ ತೊಂಬತ್ತು ಎಂದು ತೋರುತ್ತದೆ. ಎಣಿಸಿ ನೋಡಿರಿ. ನಿಜವಾದ ರೋಗಿಗಳು 9. ರೋಗವಿಲ್ಲದ 990 ಜನರಲ್ಲಿ ತಪ್ಪಾಗಿ ಹಿಡಿಯಲ್ಪಟ್ಟವರು 99. ಒಟ್ಟು 108 ಮಂದಿಯಲ್ಲಿ 9, ಅಂದರೆ ಹನ್ನೆರಡರಲ್ಲಿ ಒಂದು. ತೊಂಬತ್ತೆಲ್ಲಿ, ಎಂಟೆಲ್ಲಿ! ಡೇವಿಡ್ ಎಡ್ಡಿ ಎಂಬ ಅಮೆರಿಕದ ವೈದ್ಯರು ಸ್ತನದ ಎಕ್ಸ್-ರೇ ಪರೀಕ್ಷೆಯ ವಿಷಯದಲ್ಲಿ ವೈದ್ಯರು ಇದೇ ಬಗೆಯ ಲೆಕ್ಕದಲ್ಲಿ ಹೇಗೆ ಎಡವುತ್ತಾರೆಂಬುದನ್ನು 1982ರಲ್ಲಿ ಬರೆದು ತೋರಿಸಿದರು. ಓದಿದವರೇ ಎಡವಿದರೆ, ಫಲಪತ್ರವನ್ನು ಕೈಯಲ್ಲಿ ಹಿಡಿದ ತಾಯಿ ರಾತ್ರಿಯೆಲ್ಲಾ ನಿದ್ದೆಗೆಡುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಅವಳಿಗೆ ಎರಡನೆಯ ಪರೀಕ್ಷೆ ಮಾಡಿಸಿದರೆಂದು ಇಟ್ಟುಕೊಳ್ಳಿರಿ. ಇದೂ ಅಷ್ಟೇ ನಿಖರವಾದದ್ದು, ಆದರೆ ಬೇರೆ ವಿಧಾನದ್ದು. ಇದರಲ್ಲಿಯೂ "ಉಂಟು" ಎಂದು ಬಂದರೆ, ಮೊದಲಿನ 9 ರೋಗಿಗಳಲ್ಲಿ ಸುಮಾರು 8 ಮಂದಿಯೂ, ರೋಗವಿಲ್ಲದ 99 ಮಂದಿಯಲ್ಲಿ ಸುಮಾರು 10 ಮಂದಿಯೂ ಉಳಿಯುತ್ತಾರೆ. ಸಂಭವವು ನೂರಕ್ಕೆ ಸುಮಾರು 45ಕ್ಕೆ ಏರಿತು. ಮೂರನೆಯ ಪರೀಕ್ಷೆಯೂ ಹಾಗೆಯೇ ಹೇಳಿದರೆ 88 ಆಗುತ್ತದೆ. ಆದರೆ ಆ ಎರಡನೆಯ ಪರೀಕ್ಷೆಯು ಮೊದಲಿನ ಕಾಗದವನ್ನೇ ಮತ್ತೊಬ್ಬ ಗುಮಾಸ್ತನು ನಕಲುಮಾಡಿದ್ದು ಮಾತ್ರವಾಗಿದ್ದರೆ? ಆಗ ಸಂಭವವು ಹನ್ನೆರಡರಲ್ಲಿ ಒಂದಾಗಿಯೇ ಉಳಿಯಬೇಕು. ಸಾಕ್ಷಿಗಳೆಷ್ಟು ಎಂಬುದಕ್ಕಿಂತ ಅವು ಒಂದನ್ನೊಂದು ಅವಲಂಬಿಸದೆ ಬಂದವೋ ಇಲ್ಲವೋ ಎಂಬುದೇ ಮುಖ್ಯ. ಈ ಪಾಠದ ತಿರುಳು ಇಲ್ಲಿಯೇ ಇದೆ. ಮುಂದೆ ಹೇಳುವುದೆಲ್ಲಾ ಇದರ ವಿಸ್ತಾರ.

ಯಂತ್ರಕ್ಕೆ ವೈದ್ಯವಿದ್ಯೆಯನ್ನು ಕಲಿಸುವ ಮೊದಲಿನ ಪ್ರಯತ್ನಗಳಲ್ಲಿ ಪ್ರಸಿದ್ಧವಾದದ್ದು ಮೈಸಿನ್. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಎಂಬುವರು ಇದನ್ನು ರಚಿಸಿದರು. ರಕ್ತದಲ್ಲಿ ಸೇರಿಕೊಂಡ ರೋಗಾಣು ಯಾವುದು, ಅದಕ್ಕೆ ಯಾವ ಔಷಧ ಸಲ್ಲುವುದು, ಎಂಬುದನ್ನು ಅದು ಕೆಲವು ನೂರು ನಿಯಮಗಳ ಮೂಲಕ ಊಹಿಸುತ್ತಿತ್ತು. "ಇಂಥ ಇಂಥ ಲಕ್ಷಣಗಳಿದ್ದರೆ ಇಂಥ ರೋಗಾಣು ಇರಬಹುದು" ಎಂಬುದು ನಿಯಮದ ರೂಪ. ಪ್ರತಿ ನಿಯಮಕ್ಕೂ ನಂಬಿಕೆಯ ಒಂದು ಅಂಕೆಯುಂಟು. ಪೂರ್ಣ ನಂಬಿಕೆಗೆ 1, ಪೂರ್ಣ ಅಪನಂಬಿಕೆಗೆ 1ರ ಋಣಸಂಖ್ಯೆ. ಎರಡು ನಿಯಮಗಳು ಒಂದೇ ಕಡೆಗೆ ಬೆರಳು ತೋರಿಸಿದರೆ ಅವುಗಳ ಅಂಕೆಗಳನ್ನು ಕೂಡಿಸಿ, ಗುಣಲಬ್ಧವನ್ನು ಕಳೆಯುವುದು. 0.5 ಮತ್ತು 0.5 ಸೇರಿ 0.75 ಆಗುತ್ತದೆ, ಮತ್ತೊಂದು 0.5 ಸೇರಿದರೆ 0.875. 1979ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮಿದುಳುಪೊರೆಯ ಉರಿಯೂತವುಳ್ಳ ಹತ್ತು ರೋಗಿಗಳ ವಿಷಯದಲ್ಲಿ ಅದು ಕೊಟ್ಟ ಸಲಹೆಯು ಆ ವಿಶ್ವವಿದ್ಯಾಲಯದ ತಜ್ಞರ ಸಲಹೆಗೆ ಕಡಿಮೆಯಾಗಿರಲಿಲ್ಲ. ಆದಾಗ್ಯೂ ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಅದು ಎಂದೂ ಬರಲಿಲ್ಲ.

ಅದರ ಲೆಕ್ಕದಲ್ಲಿ ಅಡಗಿದ್ದ ದೋಷವನ್ನು ತಿಳಿಯಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಯಾವುದಾದರೂ ಒಂದು ವಸತಿಗೃಹವನ್ನು ಊಹಿಸಿಕೊಂಡರೆ ಸಾಕು. ಒಬ್ಬ ಹುಡುಗಿಯ ಪೆಟ್ಟಿಗೆಯಿಂದ ಹಣ ಕಾಣೆಯಾಗಿದೆ. ಹೊಸದಾಗಿ ಬಂದ ಇನ್ನೊಬ್ಬಳ ಕೈಯಲ್ಲಿ ಅದೇ ವಾರ ಹೊಸ ಬಳೆಗಳು ಕಾಣುತ್ತವೆ. "ಅವಳು ಆ ಕೊಠಡಿಯ ಹತ್ತಿರ ಸುಳಿದಾಡುತ್ತಿದ್ದಳು" ಎಂದು ಮೂವರು ಬಂದು ಹೇಳುತ್ತಾರೆ. ಮೈಸಿನ್ನಿನ ರೀತಿಯಲ್ಲಿ ಒಬ್ಬೊಬ್ಬಳ ಮಾತಿಗೆ 0.5 ಇಟ್ಟರೆ ಮೂವರಿಂದ 0.875 ಆಯಿತು, ಬಳೆಗಳನ್ನೂ ಸೇರಿಸಿದರೆ ಅಪರಾಧವು ನಿಶ್ಚಯವೇ ಆದಂತೆ. ಆದರೆ ಕಂಡವಳು ಒಬ್ಬಳೇ. ಮಿಕ್ಕಿಬ್ಬರು ಅವಳ ಬಾಯಿಂದ ಕೇಳಿದವರು. ಹಾಗಾದರೆ ಸಾಕ್ಷಿಯು ಒಂದೇ, ಅಂಕೆಯು 0.5ರಿಂದ ಮೇಲೇಳತಕ್ಕದ್ದಲ್ಲ. ನಿಯಮಗಳ ಯಂತ್ರವು "ನಿನಗೆ ಇದನ್ನು ಹೇಳಿದವರು ಯಾರು?" ಎಂದು ಕೇಳುವುದಿಲ್ಲ. ಊರಿನ ಹರಟೆಯೂ ಕೇಳುವುದಿಲ್ಲ. ಹೆಣ್ಣುಮಕ್ಕಳ ಹೆಸರು ಕೆಡುವುದು ಬಹುಮಟ್ಟಿಗೆ ಈ ಲೆಕ್ಕದಿಂದಲೇ ಎಂದು ನಮ್ಮ ಅಭಿಪ್ರಾಯ. ಸುಳ್ಳು ಹೇಳುವವರು ಕೆಲವರು, ಒಂದನ್ನೇ ಹತ್ತಾಗಿ ಎಣಿಸುವವರು ಅನೇಕರು.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದದ್ದು. ಬಳೆಗಳನ್ನು ಕೊಳ್ಳಲು ಹಣವನ್ನು ಅವಳ ಸೋದರಮಾವನು ಕೊಟ್ಟಿದ್ದನೆಂದು ಮನೆಯಿಂದ ತಿಳಿಯಬರುತ್ತದೆ. ಆಗ ಏನಾಗಬೇಕು? ಬಳೆಗಳು ಬಳೆಗಳಾಗಿಯೇ ಇವೆ. ಅವುಗಳನ್ನು ಕಂಡದ್ದೂ ಸುಳ್ಳಲ್ಲ. ಆದರೂ ಅವುಗಳಿಂದ ಹುಟ್ಟಿದ ಸಂದೇಹವು ಇಳಿಯಲೇಬೇಕು, ಏಕೆಂದರೆ ಅವುಗಳಿಗೆ ಬೇರೊಂದು ಕಾರಣ ದೊರೆಯಿತು. ಮಾವನ ಉಡುಗೊರೆಗೂ ಪೆಟ್ಟಿಗೆಯ ಕಳವಿಗೂ ತಮ್ಮತಮ್ಮಲ್ಲಿ ಏನೂ ಸಂಬಂಧವಿಲ್ಲ. ಆದರೆ ಬಳೆಗಳು ಕಣ್ಣಿಗೆ ಬಿದ್ದ ಮೇಲೆ ಒಂದರ ನಿಶ್ಚಯವು ಇನ್ನೊಂದನ್ನು ದುರ್ಬಲಗೊಳಿಸುತ್ತದೆ. "ಬಳೆಗಳಿದ್ದರೆ ಸಂದೇಹ" ಎಂಬ ನಿಯಮವು ಒಮ್ಮೆ ಅಂಕೆಯನ್ನು ಕೊಟ್ಟಮೇಲೆ ಅದು ಹಿಂದಕ್ಕೆ ಬರುವ ದಾರಿಯೇ ಇಲ್ಲ. ಹೊಗೆ ಬೆಂಕಿಗಳ ತರ್ಕದಲ್ಲಿ ನಾವು ಹೊಗಳಿದ ಆ ಎರಡು ಗುಣಗಳು, ಅಂದರೆ ಮಿಕ್ಕದ್ದನ್ನು ವಿಚಾರಿಸದಿರುವುದು ಮತ್ತು ಹಿಂತೆಗೆಯದಿರುವುದು, ಇಲ್ಲಿ ಅನ್ಯಾಯಕ್ಕೆ ಕಾರಣವಾದವು.

ಹಾಗಾದರೆ ಎಲ್ಲವನ್ನೂ ಎಲ್ಲದರೊಡನೆ ವಿಚಾರಿಸಿಬಿಡೋಣವೆಂದರೆ ಬೇರೆ ಕಷ್ಟ ಎದುರಾಗುತ್ತದೆ. ಹೌದು ಅಥವಾ ಅಲ್ಲ ಎಂಬ ಉತ್ತರವುಳ್ಳ 20 ಸಂಗತಿಗಳಿದ್ದರೆ, ಅವು ಸೇರಿಬರುವ ಎಲ್ಲಾ ಬಗೆಗಳಿಗೂ ಸಂಭವನೀಯತೆಯನ್ನು ಬರೆದಿಡಲು 10,48,575 ಅಂಕೆಗಳು ಬೇಕು. ಮತ್ತೊಂದು ಸಂಗತಿಯನ್ನು ಸೇರಿಸಿದಂತೆಲ್ಲಾ ಪಟ್ಟಿಯು ಇಮ್ಮಡಿಯಾಗುತ್ತದೆ. ಬೇಯ್ಸನ ಮಾರ್ಗವು ಸರಿಯಾದದ್ದೆಂದು ತಿಳಿದಿದ್ದರೂ ಶಾಸ್ತ್ರಜ್ಞರು ಬಹುಕಾಲ ಅದನ್ನು ದೂರವಿಟ್ಟದ್ದು ಈ ಭಯದಿಂದಲೇ.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರು ಜೂಡಿಯಾ ಪರ್ಲ್. ಇವರು 1936ರಲ್ಲಿ ಟೆಲ್ ಅವೀವ್ ನಗರದಲ್ಲಿ ಹುಟ್ಟಿ, ಲಾಸ್ ಏಂಜಲೀಸಿನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಯಾವ ಸಂಗತಿಯು ಯಾವುದನ್ನು ನೇರವಾಗಿ ಅವಲಂಬಿಸಿದೆಯೋ ಅವೆರಡರ ನಡುವೆ ಮಾತ್ರ ಒಂದು ಬಾಣವನ್ನು ಎಳೆಯಬೇಕು; ಬಾಣವಿಲ್ಲದಿರುವುದೂ ಒಂದು ಜ್ಞಾನವೇ ಎಂಬುದು ಅವರ ಮತ. ಮೇಲಿನ 20 ಸಂಗತಿಗಳಲ್ಲಿ ಒಂದೊಂದೂ ಹೆಚ್ಚೆಂದರೆ ಬೇರೆ ಮೂರನ್ನು ಮಾತ್ರ ನೇರವಾಗಿ ಅವಲಂಬಿಸಿದ್ದರೆ 160 ಅಂಕೆಗಳೇ ಸಾಕು. ಹತ್ತು ಲಕ್ಷಕ್ಕೆ ಬದಲಾಗಿ ನೂರ ಅರುವತ್ತು! ಇಂಥ ಚಿತ್ರಕ್ಕೆ ಅವರು 1985ರಲ್ಲಿ ಬೇಯ್ಸನ ಹೆಸರನ್ನೇ ಸೇರಿಸಿ ಬೇಯ್ಸಿಯನ್ ಜಾಲವೆಂದು ಕರೆದರು. 1988ರಲ್ಲಿ ಅವರ ಗ್ರಂಥವು ಹೊರಬಂದಮೇಲೆ ಈ ಶಾಸ್ತ್ರದ ದಿಕ್ಕೇ ತಿರುಗಿತು. 2011ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ಸಂದಿತು.

ಜಾಲದಲ್ಲಿ ಲೆಕ್ಕವು ಬೇಗನೆ ನಡೆಯುವುದು ಹೇಗೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಕೂಟವನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತೇವೆ. ಕೂಟಕ್ಕೆ ಎಷ್ಟು ಮಂದಿ ಬರುವರೆಂದು ತಿಳಿಯಬೇಕಾಗಿದೆ. ಎಲ್ಲರ ವಿಳಾಸಗಳೂ ಯಾರೊಬ್ಬರಲ್ಲಿಯೂ ಇಲ್ಲ. ಒಬ್ಬೊಬ್ಬಳಿಗೂ ತನಗೆ ನೇರವಾಗಿ ಪರಿಚಯವಿರುವ ಕೆಲವರು ಮಾತ್ರ ಗೊತ್ತು. ಧಾರವಾಡದವಳಿಗೆ ಬೆಳಗಾವಿಯ ಗೆಳತಿಯು "ನಮ್ಮ ಕಡೆಯಿಂದ 7" ಎಂದು ತಿಳಿಸುತ್ತಾಳೆ. ಗದಗಿನವಳು "12" ಎನ್ನುತ್ತಾಳೆ. ಇವಳು ತನ್ನನ್ನೂ ಸೇರಿಸಿಕೊಂಡು ಹುಬ್ಬಳ್ಳಿಯವಳಿಗೆ "20" ಎಂದು ಹೇಳುತ್ತಾಳೆ. ಹುಬ್ಬಳ್ಳಿಯಿಂದ ತಿರುಗಿ "ಈ ಕಡೆ 180" ಎಂದು ಬರುತ್ತದೆ. ಒಟ್ಟು 200 ಎಂದು ಧಾರವಾಡದವಳಿಗೆ ತಿಳಿಯಿತು. ಅವಳು ಬೆಳಗಾವಿಗೆ ಏನು ಹೇಳಬೇಕು? 200 ಎಂದು ಹೇಳಿದರೆ ಬೆಳಗಾವಿಯವಳು ತನ್ನ 7ನ್ನು ಮತ್ತೊಮ್ಮೆ ಸೇರಿಸಿ 207 ಮಾಡುತ್ತಾಳೆ. ಆದುದರಿಂದ ಬೆಳಗಾವಿಯಿಂದ ಕೇಳಿದ್ದನ್ನು ಬಿಟ್ಟು, 193 ಎಂದು ಹೇಳಬೇಕು. ಹಾಗೆಯೇ ಗದಗಿಗೆ 188. ಯಾರಿಗೆ ಸುದ್ದಿಯನ್ನು ಕಳುಹಿಸುತ್ತೇವೋ ಅವರಿಂದಲೇ ಬಂದ ಭಾಗವನ್ನು ಅದರಲ್ಲಿ ಸೇರಿಸಕೂಡದೆಂಬುದೇ ಇಲ್ಲಿಯ ಒಂದೇ ಕಟ್ಟಳೆ. ಹೀಗೆ ಮಾಡಿದರೆ 200 ಮಂದಿಯ ನಡುವೆ ಇರುವ 199 ಪರಿಚಯಗಳಲ್ಲಿ ಹೋಗಲೊಂದು ಬರಲೊಂದು, ಒಟ್ಟು 398 ಸಂದೇಶಗಳಲ್ಲಿ ಪ್ರತಿಯೊಬ್ಬಳಿಗೂ ಪೂರ್ಣ ಮೊತ್ತವು ತಿಳಿಯುತ್ತದೆ. ಯಾರೂ ದೊಡ್ಡ ಪಟ್ಟಿಯನ್ನು ಬರೆಯಬೇಕಾಗಿಲ್ಲ. ಪರ್ಲರು 1982ರಲ್ಲಿ ಪ್ರಕಟಿಸಿದ ಕ್ರಮವು ಇದನ್ನೇ ಹೋಲುತ್ತದೆ. ಸಂಖ್ಯೆಗಳಿಗೆ ಬದಲಾಗಿ ಸಂಭವನೀಯತೆಗಳು ಹೋಗಿಬರುತ್ತವೆ, ಕೂಡುವುದಕ್ಕೆ ಬದಲಾಗಿ ಗುಣಿಸುವುದು ನಡೆಯುತ್ತದೆ. ವಸತಿಗೃಹದ ಮೂವರು ಸಾಕ್ಷಿಗಳು ಈ ಕಟ್ಟಳೆಯನ್ನು ಅರಿತಿದ್ದರೆ ಒಬ್ಬಳ ಮಾತು ಮೂರಾಗುತ್ತಿರಲಿಲ್ಲ.

ಬೆಳಗಾವಿಯವಳಿಗೂ ಗದಗಿನವಳಿಗೂ ನೇರವಾಗಿ ಪರಿಚಯವಾದರೆ ಏನು ಗತಿ? ಆಗ ಸುದ್ದಿಯು ಮೂರು ಊರುಗಳ ನಡುವೆ ಸುತ್ತುತ್ತಾ ಹೋಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಸಂಖ್ಯೆ ಬೆಳೆಯುತ್ತದೆ. ಇದಕ್ಕೆ ಸ್ಟೆಫೆನ್ ಲಾರಿಟ್ಸೆನ್ ಮತ್ತು ಡೇವಿಡ್ ಸ್ಪೀಗಲ್‌ಹಾಲ್ಟರ್ ಎಂಬುವರು 1988ರಲ್ಲಿ ಒಂದು ಉಪಾಯವನ್ನು ಕೊಟ್ಟರು. ಸುತ್ತಿನಲ್ಲಿ ಸಿಕ್ಕಿದವರನ್ನು ಒಂದು ಗುಂಪಾಗಿ ಕಟ್ಟಿ, ಆ ಗುಂಪನ್ನೇ ಒಬ್ಬ ವ್ಯಕ್ತಿಯಂತೆ ಎಣಿಸಬೇಕೆಂಬುದು ಅದರ ಸಾರ. ಗುಂಪುಗಳು ಚಿಕ್ಕದಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ದೊಡ್ಡದಾದರೆ ಹತ್ತು ಲಕ್ಷದ ಪಟ್ಟಿಯ ಭೂತವು ಮರಳಿ ಬರುತ್ತದೆ. ಎಲ್ಲಾ ಜಾಲಗಳಿಗೂ ಸಲ್ಲುವ ಬೇಗನೆಯ ವಿಧಾನವನ್ನು ಆಶಿಸಬಾರದೆಂಬುದಕ್ಕೆ ಗ್ರೆಗರಿ ಕೂಪರ್ 1990ರಲ್ಲಿ ಆಧಾರವನ್ನು ಒದಗಿಸಿದರು. ಗಣಕಶಾಸ್ತ್ರದಲ್ಲಿ ಅತಿ ಕಠಿನವೆಂದು ಎಣಿಸಲ್ಪಟ್ಟ ಲೆಕ್ಕಗಳ ವರ್ಗಕ್ಕೆ ಇದನ್ನೂ ಸೇರಿಸಿದರು. ಸುಮಾರಾದ ಉತ್ತರವೇ ಸಾಕೆಂದರೂ, ಖಚಿತವಾದ ಮಿತಿಯೊಳಗೆ ಅದನ್ನು ಪಡೆಯುವುದು ಎಲ್ಲಾ ಜಾಲಗಳಲ್ಲಿಯೂ ಸುಲಭವಲ್ಲವೆಂದು 1993ರಲ್ಲಿ ತೋರಿಸಲ್ಪಟ್ಟಿತು.

ಆದರೆ ಅದೇ 1993ರಲ್ಲಿ ವಿನೋದವಾದ ಸಂಗತಿಯೊಂದು ನಡೆಯಿತು. ಫ್ರಾನ್ಸ್ ದೇಶದ ಕ್ಲೋದ್ ಬೆರೂ ಮತ್ತು ಅವರ ಜೊತೆಗಾರರು, ಗದ್ದಲದಿಂದ ಕೆಟ್ಟುಹೋದ ಸಂದೇಶವನ್ನು ಸರಿಪಡಿಸುವ ಟರ್ಬೊ ಸಂಕೇತಗಳೆಂಬ ಉಪಾಯವನ್ನು ಪ್ರಕಟಿಸಿದರು. ಅದು ನಂಬಲಾಗದಷ್ಟು ಚೆನ್ನಾಗಿ ಕೆಲಸಮಾಡಿತು. ಇದು ಪರ್ಲರ ಸಂದೇಶಕ್ರಮವನ್ನೇ ಸುತ್ತುಗಳುಳ್ಳ ಜಾಲದಲ್ಲಿ, ಹೆದರದೆ, ಹಲವು ಸಾರಿ ನಡೆಸಿದಂತೆ ಎಂದು 1998ರಲ್ಲಿ ವಿವರಿಸಲಾಯಿತು. ಮೂರನೆಯ ಮತ್ತು ನಾಲ್ಕನೆಯ ಪೀಳಿಗೆಯ ಮೊಬೈಲ್ ಫೋನುಗಳಲ್ಲಿ ಈ ಸಂಕೇತಗಳು ಸೇರಿದವು. ಐದನೆಯ ಪೀಳಿಗೆಯವುಗಳಲ್ಲಿ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿಯೇ ಕಂಡುಹಿಡಿದಿದ್ದ ಅದೇ ಜಾತಿಯ ಬೇರೆ ಸಂಕೇತಗಳಿವೆ. ಇದನ್ನು ಓದುತ್ತಿರುವ ತಾಯಿತಂದೆಗಳ ಕೈಚೀಲದಲ್ಲಿರುವ ಫೋನು, ದೂರದಲ್ಲಿರುವ ಮಗಳ ಚಿತ್ರವನ್ನು ತೋರಿಸುವ ಮೊದಲು ಈ ಬಗೆಯ ಲೆಕ್ಕವನ್ನು ಮಾಡಿಯೇ ತೋರಿಸುತ್ತದೆ.

2022ರ ಕೊನೆಯಿಂದ ಎಲ್ಲರ ಬಾಯಲ್ಲಿರುವ ಮಾತನಾಡುವ ಯಂತ್ರಗಳು ಈ ಜಾಲಗಳ ಮೇಲೆ ಕಟ್ಟಿದವುಗಳಲ್ಲ. ಅಪಾರವಾದ ಬರಹಗಳನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಅವು ಕಲಿತಿವೆ. ಅಲ್ಲಿಯೂ ಸಂಭವನೀಯತೆಯುಂಟು, ಆದರೆ ಅದು ಮುಂದಿನ ಪದದ ಸಂಭವ, ಹೇಳಿದ ಸಂಗತಿಯು ನಿಜವಾಗಿರುವ ಸಂಭವವಲ್ಲ. ಈ ಎರಡನ್ನೂ ಒಂದೆಂದು ತಿಳಿಯತಕ್ಕದ್ದಲ್ಲ. ಸರಿಯಾದ ಉತ್ತರವನ್ನೂ ತಪ್ಪಾದ ಉತ್ತರವನ್ನೂ ಅವು ಒಂದೇ ಧೈರ್ಯದ ಧ್ವನಿಯಲ್ಲಿ ಹೇಳುವುದುಂಟು. ಅಲ್ಲದೆ ಒಂದು ಲೇಖನವು ಸಾವಿರ ಕಡೆ ನಕಲಾಗಿದ್ದರೆ, ಓದಿದವನಿಗೆ ಅದು ಸಾವಿರ ಸಾಕ್ಷಿಗಳಂತೆ ಕಾಣುವ ಅಪಾಯವು ಇಲ್ಲಿಯೂ ಇದ್ದೇ ಇದೆ. ನಮ್ಮ ಹುಡುಗಿಯರು ತರ್ಕವನ್ನು ಕಲಿಯುವುದು ಏತಕ್ಕೆಂಬ ಪ್ರಶ್ನೆಗೆ ನಮ್ಮ ಉತ್ತರವು ಇದರಲ್ಲಿಯೇ ಇದೆಯೆಂದು ತಿಳಿಯುತ್ತೇವೆ.

ಒಂದು ಮಾತು ಉಳಿಯಿತು. ಬೇಯ್ಸನ ಲೆಕ್ಕದಲ್ಲಿ "1000 ಜನರಲ್ಲಿ 10" ಎಂಬ ಮೊದಲಿನ ಸಂಖ್ಯೆಯು ಎಲ್ಲಿಂದ ಬರಬೇಕೆಂದು ನಮ್ಮ ಹತ್ತನೆಯ ತರಗತಿಯವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದನ್ನು ಯಾವ ಸೂತ್ರವೂ ಕೊಡದು. ಊರಿನಲ್ಲಿ ಎಣಿಸಿಯೇ ತಿಳಿಯಬೇಕು. ಊರು ಬೇರೆಯಾದರೆ, ಪರೀಕ್ಷೆಯು ಅದೇ ಆಗಿದ್ದರೂ ಫಲದ ಅರ್ಥವು ಬೇರೆಯಾಗುತ್ತದೆ. ಇದನ್ನು ಮನೆಯಲ್ಲಿ ಅಭ್ಯಾಸಕ್ಕಾಗಿ ಮಾಡಿ ನೋಡಬಹುದು. ರೋಗವು ಹರಡಿರುವ ಬೇರೊಂದು ಊರಿನಲ್ಲಿ 1000 ಜನರಲ್ಲಿ 200 ಮಂದಿಗೆ ಅದು ತಗಲಿದೆಯೆಂದು ಇಟ್ಟುಕೊಳ್ಳಿರಿ. ಪರೀಕ್ಷೆಯು ಮೇಲೆ ಹೇಳಿದ್ದೇ. "ಉಂಟು" ಎಂದು ಫಲ ಬಂದವಳಿಗೆ ರೋಗವಿರುವ ಸಂಭವವೆಷ್ಟು? ನೂರಕ್ಕೆ ಸುಮಾರು 69 ಎಂದು ಬಂದರೆ ಲೆಕ್ಕವು ಸರಿ.